ಯಾವ ಚಂದ್ರ?

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ನೌಕೆ ಚಂದ್ರನ ನೆಲವನ್ನು ಮುಟ್ಟಿತು. ಅದರ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಪೀಣ್ಯದಲ್ಲಿ. ಅದೇ ನಗರದ ಕತ್ರಿಗುಪ್ಪೆಯ ಶ್ರಾವಕರ ಮನೆಗಳಲ್ಲಿ ಅದು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ವೇಳೆ. ಜಂಬೂದ್ವೀಪಕ್ಕೆ ಎರಡು ಸೂರ್ಯರು, ಎರಡು ಚಂದ್ರರು ಎಂದು ಕಲಿತ ಮಗುವೊಂದು, ನೌಕೆ ಇಳಿದದ್ದು ಯಾವ ಚಂದ್ರನ ಮೇಲೆ ಎಂದು ಕೇಳಿದರೆ ಹಿರಿಯರು ಏನೆನ್ನಬೇಕು?

ಗದರಿಸುವುದು ಸುಲಭ. ವಿಜ್ಞಾನದ ಮಾತೆಲ್ಲ ಆಗಮದಲ್ಲಿಯೇ ಇದೆ ಎಂದುಬಿಡುವುದು ಇನ್ನೂ ಸುಲಭ. ಸತ್ಯಾಣುವ್ರತಕ್ಕೆ ಅದು ಒಪ್ಪದು. ಕಾಲೇಜು ಮೆಟ್ಟಿಲೇರಿದ ದಿನ ಆ ಮಗು ಹಿರಿಯರ ಎಲ್ಲ ಮಾತನ್ನೂ ಸಂಶಯಿಸುವುದು, ಅಹಿಂಸೆಯನ್ನೂ ಸೇರಿಸಿ. ಆಕ್ಷೇಪವಾದರೂ ಹೊಸದಲ್ಲ, ಪಾಶ್ಚಾತ್ಯರದೂ ಅಲ್ಲ: ಎರಡು ಸೂರ್ಯರ ಮತವನ್ನು ಬ್ರಹ್ಮಗುಪ್ತನು 628ರಲ್ಲಿಯೇ ಖಂಡಿಸಿದ್ದನು.

ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಜಿನವಂದನೆಯಿಂದ ತೊಡಗಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಗುರುತಿಸಿದ ಆ ಸೂಕ್ಷ್ಮಮತಿಗಳೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದೂ ಬರೆದರು. ಅದು ತಪ್ಪು. ಮುಂದಿನ ಗಣಿತಜ್ಞರು ಅದನ್ನು ಒಪ್ಪಲಿಲ್ಲ. ಅದರಿಂದ ಆಚಾರ್ಯರ ಜಿನವಂದನೆಗೆ ಕುಂದೇನೂ ಬರಲಿಲ್ಲ.

ಲೋಕದ ಅಳತೆ ಕರಣಾನುಯೋಗದ ವಿಷಯ. ಅಳತೆಯನ್ನು ಅಳೆದೇ ತಿದ್ದಬೇಕು. ನಡತೆ ಚರಣಾನುಯೋಗದ್ದು; ಚಂದ್ರರ ಸಂಖ್ಯೆ ಅದಕ್ಕೆ ಆಧಾರವಲ್ಲ. ನೀರು ಸೋಸುವ ವ್ರತವನ್ನು ಸೂಕ್ಷ್ಮದರ್ಶಕವು ಸಮರ್ಥಿಸಿತೆಂದು ಹಿಗ್ಗುವವರುಂಟು. ಬಟ್ಟೆಯು ಹುಳುಗಳನ್ನು ತಡೆಯುತ್ತದೆ, ಬ್ಯಾಕ್ಟೀರಿಯಗಳನ್ನಲ್ಲ. ಸೋಸಿದಾಗ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡಬೇಕೆಂಬ ಕಟ್ಟಳೆಯನ್ನಂತೂ ಯಾವ ಪ್ರಯೋಗಾಲಯವೂ ಹೇಳಿಕೊಟ್ಟದ್ದಲ್ಲ.