ಎಂಟನೇ ನಾಚ್‌ನ ಸದ್ದು

ಸಂಪಾಜೆಗೆ ರೈಲಿಲ್ಲ. ಮಡಿಕೇರಿ ಕಡೆಗೆ ಏದುಸಿರು ಬಿಡುತ್ತ ಏರುವ ಲಾರಿಗಳ ಸದ್ದೇ ನಮ್ಮ ಪಾಲಿಗೆ ಬಂದದ್ದು. ರೈಲು ನೋಡಬೇಕೆಂದರೆ ಪುತ್ತೂರಿಗೋ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೋ ಹೋಗಬೇಕು. ಘಟ್ಟದ ಬುಡದವರಾದ್ದರಿಂದಲೋ ಏನೋ, ನೆಟ್ಟಣದಲ್ಲಿ ನಮ್ಮ ಕಣ್ಣು ಪ್ಯಾಸೆಂಜರ್ ಗಾಡಿಗಿಂತ ಗೂಡ್ಸ್ ಗಾಡಿಯ ಬಾಲದ ಮೇಲೇ ಇರುತ್ತಿತ್ತು. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಿದ್ದುದು ಅಲ್ಲೇ.

ಹಾಗೆ ದುಡಿಯುತ್ತಿದ್ದ ಡೀಸೆಲ್ ಎಂಜಿನ್‌ನ ಹೆಸರು ಡಬ್ಲ್ಯುಡಿಜಿ-4. ಅಮೆರಿಕದ ಜನರಲ್ ಮೋಟರ್ಸ್ ಜತೆ 1995ರಲ್ಲಿ ಒಪ್ಪಂದವಾಗಿ, 1999ರಲ್ಲಿ ಬಂದ ಮೊದಲ ಎಂಜಿನ್‌ಗಳಿಗೆ ಮನೆಯಾದದ್ದು ನಮ್ಮ ಹುಬ್ಬಳ್ಳಿ ಶೆಡ್. ಆಮೇಲೆ ವಾರಾಣಸಿಯಲ್ಲೇ ತಯಾರಾದವು. 16 ಸಿಲಿಂಡರ್, 4000 ಅಶ್ವಶಕ್ತಿ, 126 ಟನ್ ತೂಕ. ಹಿಂದಿನ ಆಲ್ಕೋ ಎಂಜಿನ್‌ಗಳ ಡಿಸಿ ಮೋಟಾರುಗಳ ಜಾಗದಲ್ಲಿ ಇದಕ್ಕೆ ಎಸಿ ಮೋಟಾರು. ಆಟಿಯ ಮಳೆಗೆ ಒದ್ದೆಯಾದ ಹಳಿಯಲ್ಲೂ ಗಾಲಿ ಸುಲಭಕ್ಕೆ ಜಾರದು. ಇಳಿಜಾರಿನಲ್ಲಿ ಅದೇ ಮೋಟಾರುಗಳು ಜನರೇಟರುಗಳಾಗಿ ಗಾಡಿಯ ಓಟವನ್ನು ತಡೆಹಿಡಿಯುತ್ತವೆ.

ನೆಟ್ಟಣದಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ. ದಾರಿ; 57 ಸುರಂಗಗಳು; 50 ಅಡಿ ಸಾಗಿದರೆ ಒಂದಡಿ ಏರು. 1979ರ ಮೀಟರ್ ಗೇಜ್ ಹಳಿಯನ್ನು 1996ರಲ್ಲಿ ಮುಚ್ಚಿದರು. ಬ್ರಾಡ್ ಗೇಜಿನಲ್ಲಿ 2006ಕ್ಕೆ ಗೂಡ್ಸ್, 2007ರ ಡಿಸೆಂಬರಿಗೆ ಪ್ರಯಾಣಿಕರ ಗಾಡಿ ಬಂತು. ಬಂದರಿನಿಂದ ಕಲ್ಲಿದ್ದಲು ಹೊತ್ತ ಗಾಡಿಗಳನ್ನು ಈ ಡೀಸೆಲ್‌ಗಳು ಮೇಲಕ್ಕೆ ಮುಟ್ಟಿಸಿದವು. ಥ್ರಾಟಲ್ ಕೊನೆಯ ಹಂತವಾದ ಎಂಟನೇ ನಾಚ್‌ಗೆ ಏರಿದಾಗ ಕಿವಿಗಿಂತ ಮೊದಲು ಎದೆಗೂಡಿಗೆ ತಿಳಿಯುತ್ತಿತ್ತು. ಭರ್ತಿ ಗಾಡಿಯೋ ಖಾಲಿ ಗಾಡಿಯೋ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಈಗ ಘಾಟಿಗೂ ವಿದ್ಯುತ್ ತಂತಿ ಬಂದಿದೆ. ಬರಬೇಕಾದದ್ದೇ. ಸುರಂಗದೊಳಗಿನ ಹೊಗೆ, ಕಾವು ಕುಡಿದ ಲೋಕೋ ಪೈಲಟ್‌ಗಳ ಮುಂದೆ ನನ್ನ ಹಳಹಳಿಕೆ ದೊಡ್ಡದಲ್ಲ. ಕರೆಂಟ್ ಎಂಜಿನ್ ಹೆಚ್ಚು ಬಲಶಾಲಿ, ಖರ್ಚೂ ಕಡಿಮೆ. ಆದರೆ ಅದರ ಶ್ರಮ ಹೊರಗೆ ಕೇಳುವುದಿಲ್ಲ. ಸಾವಿರಾರು ಟನ್ ಭಾರ ಘಟ್ಟ ಹತ್ತುತ್ತಿದೆ ಎಂಬ ಅರಿವೇ ಇಲ್ಲದೆ ನಾವು ಕಾಫಿ ಕುಡಿಯುತ್ತ ನಿಂತಿರಬಹುದು.

ಉಗಿಬಂಡಿಗಳಿಗೆ ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಜಾಗ ಸಿಕ್ಕಿತು. ಅವು ನೋಡಲು ಚೆಂದ. ತಳ್ಳುವುದಕ್ಕೆಂದೇ ಹಿಂದೆ ನಿಂತ ಡೀಸೆಲ್‌ಗೆ ಆ ಭಾಗ್ಯ ತಾನಾಗಿ ಬರದು, ಯಾರಾದರೂ ಕೇಳಬೇಕು. ಹಾಗಾಗಿ ಕೇಳುತ್ತಿದ್ದೇನೆ: ಗುಜರಿಗೆ ಕಳಿಸುವ ಮುನ್ನ ಒಂದನ್ನಾದರೂ ನೆಟ್ಟಣದಲ್ಲಿ ಉಳಿಸಿ.