ಆಗುಂಬೆಯ ಘಾಟಿಯೂ ಡಿಕ್ಕಿಯ ಬುಟ್ಟಿಯೂ

ಶಿವಮೊಗ್ಗದಿಂದ ಉಡುಪಿಗೆ ಬೇರೆ ದಾರಿಗಳೂ ಇವೆ. ಆದರೂ ನಮ್ಮ ಮನೆಯಲ್ಲಿ ಎಲ್ಲರಿಗೂ ಆಗುಂಬೆಯ ದಾರಿಯೇ ಇಷ್ಟ. ಗಾಜನೂರಿನ ತುಂಗಾ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು, ಆಮೇಲೆ ತೀರ್ಥಹಳ್ಳಿ. ಹೀಗೆ ನೋಡುತ್ತ ಹೋದರೆ ಮಕ್ಕಳಿಗೆ ಬೇಸರವೇ ಇಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರು ಆಗುಂಬೆ. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ಗೆ ಚಿತ್ರೀಕರಣ ನಡೆದ ದೊಡ್ಡಮನೆ ಇರುವುದೂ ಇಲ್ಲಿಯೇ.

ಊರು ದಾಟಿದರೆ ಘಾಟಿ ಶುರು. ಕೆಳಗಿನ ಸೋಮೇಶ್ವರ ಮುಟ್ಟುವಷ್ಟರಲ್ಲಿ 14 ಹೇರ್‌ಪಿನ್ ತಿರುವುಗಳು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ಸುತ್ತ ದಟ್ಟ ಕಾಡು. ಸೂರ್ಯಾಸ್ತದ ಹೊತ್ತಿನ ಆ ನೋಟವನ್ನು ಏನೆಂದು ಬಣ್ಣಿಸಲಿ! ಆದರೆ ಸಹೋದರಿಯರೇ, ಚೆಂದದ ಈ ತಿರುವುಗಳ ನಡುವೆ ಮನೆಯೂ ಇಲ್ಲ, ಗ್ಯಾರೇಜೂ ಇಲ್ಲ. ಇಲ್ಲಿ ಕಾರು ಕೆಟ್ಟರೆ ನಮ್ಮ ಡಿಕ್ಕಿಯಲ್ಲಿ ಏನಿದೆಯೋ ಅದೇ ನಮಗೆ ಗತಿ.

2022ರ ನವೆಂಬರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಮುಗಿಸಿ ಉಡುಪಿಯಿಂದ ಘಾಟಿ ಹತ್ತುತ್ತಿದ್ದೆವು. ಸಂಜೆ ಕಳೆದು ಕತ್ತಲು ಕವಿಯುತ್ತಿತ್ತು. ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು, ಬಿಸಿ ತೋರಿಸುವ ಮುಳ್ಳು ಸರಸರನೆ ಮೇಲೇರಿತು. ನಮ್ಮವರು ತಿರುವು ದಾಟಿಸಿ ಅಗಲವಾದ ಜಾಗದಲ್ಲಿ ನಿಲ್ಲಿಸಿದರು. ಬಾನೆಟ್ ತೆಗೆದರೆ ಫ್ಯಾನ್ ಬೆಲ್ಟ್ ತುಂಡಾಗಿತ್ತು. ನಮ್ಮ ಹಳೆಯ ಕಾರಿನಲ್ಲಿ ನೀರಿನ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸುವುದು ಅದೊಂದೇ ಬೆಲ್ಟು. ಅದಿಲ್ಲದೆ ಓಡಿಸಿದರೆ ಇಂಜಿನ್ ಸುಟ್ಟೇ ಹೋಗುತ್ತದೆ.

ಜೊತೆಯಲ್ಲಿ ಅತ್ತೆಯವರಿದ್ದರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು. ಊಟ ತಡವಾದರೆ ಬೆವರು, ನಡುಕ. ಫೋನಿಗೆ ಸಿಗ್ನಲ್ ಇಲ್ಲ. ನನಗೆ ಕಾರಿಗಿಂತ ಅವರದೇ ಚಿಂತೆ. ಗುಡ್ಡದ ಬದಿಗೆ ಅವರನ್ನು ಕೂರಿಸಿ, ಬುಟ್ಟಿಯಲ್ಲಿದ್ದ ಚಪಾತಿ ಪಲ್ಯ ಕೊಟ್ಟೆ. “ನನ್ನದು ಬಿಡೇ, ಹಿಂದೆ ಬರುವ ಗಾಡಿಗೆ ನಮ್ಮ ಕಾರು ಕಾಣಿಸ್ತದಾ ನೋಡು” ಅಂದರು. ಮಗ ಚಕ್ರಗಳ ಹಿಂದೆ ಕಲ್ಲು ಕೊಟ್ಟು, ಕೆಂಪು ತ್ರಿಕೋನವನ್ನು ತಿರುವಿಗೂ ಮೊದಲೇ ಇಟ್ಟು ಬಂದ.

ಡಿಕ್ಕಿಯಲ್ಲಿ ಹೊಸ ಬೆಲ್ಟು, ಸ್ಪ್ಯಾನರು, ಐದು ಲೀಟರ್ ನೀರು ಇದ್ದವು. ಮೇಲಿನಿಂದ ಬಂದ ಮಿನಿ ಬಸ್ಸಿನ ಡ್ರೈವರು “ಎಂತ ಆಯ್ತು ಮಾರಾಯ್ರೆ?” ಎನ್ನುತ್ತ ಇಳಿದು ಬಂದರು. ಬೆಲ್ಟು ಕೈಗೆ ಕೊಟ್ಟದ್ದೇ ತಡ, “ಇದೊಂದು ಇದ್ದದ್ದಕ್ಕೆ ಬಚಾವು” ಎಂದು ನಮ್ಮವರ ಜೊತೆ ಸೇರಿ ಇಪ್ಪತ್ತು ನಿಮಿಷದಲ್ಲಿ ಹಾಕಿದರು. ಸಹಾಯ ಮಾಡುವವರು ದಾರಿಯಲ್ಲಿ ಸಿಗುತ್ತಾರೆ. ಸಾಮಾನು ಮಾತ್ರ ನಮ್ಮದೇ ಇರಬೇಕು.

ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆಗೆಯಬಾರದು. ಆವಿ ತುಂಬಿದ ಕುಕ್ಕರ್ ಇದ್ದ ಹಾಗೆ ಅದು. ಕುದಿನೀರು ಮುಖಕ್ಕೇ ಹಾರುತ್ತದೆ. ಪೂರ್ತಿ ಆರಿದ ಮೇಲೆ, ದಪ್ಪ ಬಟ್ಟೆ ಹಿಡಿದು ತೆಗೆಯಬೇಕು. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಲೂ ಬಾರದು. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ರಸ್ತೆಯಿಂದ ತೆಗೆದಿಡುವುದನ್ನು ಮರೆಯಬೇಡಿ. ಕತ್ತಲಲ್ಲಿ ಬೈಕಿನವರ ಜೀವಕ್ಕೇ ಅಪಾಯ.

ಇನ್ನು ಡಿಕ್ಕಿಯ ಬುಟ್ಟಿ. ಜಾಕ್, ಚಕ್ರದ ಸ್ಪ್ಯಾನರ್, ನಿಮ್ಮ ಕಾರಿಗೆ ಹೊಂದುವ ಬೆಲ್ಟು, ನಾಲ್ಕಾರು ಫ್ಯೂಸು, ಹೆಡ್‌ಲೈಟ್ ಬಲ್ಬು, ಟಾರ್ಚು, ಜಂಪರ್ ಕೇಬಲ್, ಎಳೆಯುವ ಹಗ್ಗ, ಕೆಂಪು ತ್ರಿಕೋನ, ನೀರು, ಹಳೆಯ ಬಟ್ಟೆ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಚಕ್ರ ಬದಲಿಸುವಾಗ ಜಾಕ್ ಏರಿಸುವ ಮೊದಲೇ ನಟ್ಟುಗಳನ್ನು ಸಡಿಲ ಮಾಡಿಕೊಳ್ಳಿ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಎರಡೂ ಇರುವ ಕಾರುಗಳಿಗೆ ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಕೊಡಲು 2020ರಲ್ಲಿ ಅನುಮತಿ ಬಂದಿದೆ. ಹೊಸ ಕಾರಿನವರು ತಮ್ಮಲ್ಲಿ ಯಾವುದಿದೆ ಎಂದು ಈಗಲೇ ನೋಡಿಕೊಳ್ಳಿ. ಹೊಸ ಕಾರುಗಳ ಬೆಲ್ಟನ್ನು ರಸ್ತೆಯಲ್ಲಿ ಬದಲಿಸುವುದೂ ಸುಲಭವಲ್ಲ; ಅಂಥವರು ಸರ್ವಿಸಿನ ವೇಳೆಯಲ್ಲೇ ಬೆಲ್ಟು ನೋಡಿಸಬೇಕು.

ಆಗುಂಬೆ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 169ಎ. ಹೆದ್ದಾರಿಯ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112. ಇವನ್ನು ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲೇ ಇಡಿ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ.

ಪ್ರಯಾಣದ ಹಿಂದಿನ ರಾತ್ರಿ ಚಕ್ಕುಲಿ, ಚಟ್ನಿಪುಡಿ, ಔಷಧಿ ಜೋಡಿಸುವವರು ನಾವೇ ತಾನೆ? ಅದೇ ಚೀಟಿಗೆ ಈ ಸಾಮಾನುಗಳನ್ನೂ ಸೇರಿಸಿಕೊಂಡು, ಡಿಕ್ಕಿ ತೆಗೆಸಿ ಒಂದೊಂದಾಗಿ ಎಣಿಸಿ. ಐದು ನಿಮಿಷವೂ ಬೇಡ.