ಸ್ವಲ್ಪ ಡಿಮ್ ಮಾಡ್ರಪ್ಪಾ

ನಮ್ಮ ಕಡೆ ಗಾಡಿ ಕೊಂಡವರು ಮೊದಲು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆ ಮಾಡಿಸುತ್ತಾರೆ. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತೋ, ಎರಡನೆಯ ಸಂಸ್ಕಾರ ಶುರು: ಲೈಟು ಬದಲಾಯಿಸುವುದು. ಕಂಪನಿಯವರು ಕೊಟ್ಟ ಹಳದಿ ಬಲ್ಬು ಯಾರ ಕಣ್ಣಿಗೂ ಹಿಡಿಸುವುದಿಲ್ಲ. ಬಚ್ಚಲುಮನೆ ದೀಪದ ಹಾಗಿದೆ ಅನ್ನುತ್ತಾರೆ. ದೊಡ್ಡಬಳ್ಳಾಪುರವೋ ಹೊಸಕೋಟೆಯೋ, ಯಾವುದಾದರೂ ಕಾರ್ ಡೆಕೋರ್ ಅಂಗಡಿ ಮುಂದೆ ನಿಂತರೆ ಸಾಕು, ಹುಡುಗ ಡಬ್ಬಿ ಬಿಚ್ಚಿ, "ಇದು ಹಾಕ್ಸಿ ಸಾರ್, ರಾತ್ರಿ ಹಗಲಾಗೋಗುತ್ತೆ" ಅನ್ನುತ್ತಾನೆ. ಯಾರಿಗೆ ಹಗಲು ಅಂತ ಅವನೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಆಸೆ ಅನ್ಯಾಯದ್ದೇನಲ್ಲ. ನಮ್ಮ ಜಿಲ್ಲೆಗೆ ರಾತ್ರಿ ಅನ್ನುವುದೇ ಉಳಿದಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲಂತೂ ಟ್ಯಾಕ್ಸಿಗಳಿಗೆ ಹೊತ್ತುಗೊತ್ತಿಲ್ಲ. ಬೆಳಗಿನ ಜಾವ ಹೂವು ತುಂಬಿಕೊಂಡ ಟೆಂಪೋಗಳು ಕೆ.ಆರ್. ಮಾರ್ಕೆಟ್ಟಿಗೆ ಇಳಿಯುತ್ತವೆ. ಅದೇ ಹೊತ್ತಿಗೆ ಬೆಂಗಳೂರಿನವರು ಹೊಸಕೋಟೆ ದಮ್ ಬಿರಿಯಾನಿಗೆ ಏರಿ ಬರುತ್ತಾರೆ. ನಾಲ್ಕು ಗಂಟೆಗೆ ಬಿರಿಯಾನಿ ತಿನ್ನುವುದು ಊಟವೋ ತಿಂಡಿಯೋ ನನಗಿನ್ನೂ ಬಗೆಹರಿದಿಲ್ಲ. ಭಾನುವಾರವಾದರೆ ನಂದಿ ಬೆಟ್ಟದ ಸೂರ್ಯೋದಯಕ್ಕೆ ಬೈಕುಗಳ ಸಾಲು. ಇವರೆಲ್ಲರ ಮಧ್ಯೆ ಬಣ್ಣ ಹೊಡೆಯದ ಹಂಪು, ಹಿಂದೆ ಒಂದು ಮಿಣುಕೂ ಇಲ್ಲದ ಕಬ್ಬಿಣದ ಟ್ರಾಕ್ಟರ್ ಟ್ರೇಲರು, ರಸ್ತೆ ನಡುವೆಯೇ ಮಲಗುವ ನಾಯಿ. ಕಣ್ಣು ಕಾಣಬೇಕು ಅನ್ನುವವನನ್ನು ಬೈಯುವುದು ಹೇಗೆ?

ಹಿಂದೆ ಇದಕ್ಕಿಂತ ಕಡೆಯಾಗಿತ್ತು. 1980ರಲ್ಲಿ ಬಂದ ಟಿವಿಎಸ್ 50 ನೆನಪಿದೆಯೇ? ಅದರ ದೀಪಕ್ಕೆ ಎಂಜಿನ್ನೇ ಗತಿ. ಎಕ್ಸಲರೇಟರ್ ತಿರುಗಿಸಿದರೆ ಬೆಳಕು, ಬಿಟ್ಟರೆ ಕೆಂಡ. ಗುಂಡಿ ಬಂತೆಂದು ನಿಧಾನ ಮಾಡಿದವನಿಗೆ ಆ ಗುಂಡಿಯೇ ಕಾಣುತ್ತಿರಲಿಲ್ಲ; ಜೋರಾಗಿ ಹೋದವನಿಗೆ ಕಾಣುತ್ತಿತ್ತು, ಬೀಳುವ ಮುಂಚೆ. ಹಗಲು ಲೈಟು ಉರಿಸಿಕೊಂಡು ಬಂದರೆ ಎದುರಿನವರು ಬೆರಳು ಮುಚ್ಚಿ ತೆರೆದು ಎಚ್ಚರಿಸುತ್ತಿದ್ದರು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ದೀಪ ತಾನಾಗಿ ಉರಿಯುವಂತೆ ಸರ್ಕಾರವೇ ಮಾಡಿತು. ನಮ್ಮೂರಿನ ಹಿರಿಯರು ಮಾತ್ರ ಇಂದಿಗೂ ಕಟ್ಟೆಯ ಮೇಲೆ ಕೂತು ಪ್ರತಿ ಬೈಕಿಗೂ ಬೆರಳು ಮುಚ್ಚಿ ತೆರೆಯುತ್ತಾರೆ.

ಬಲ್ಬಿನ ವಿಷಯಕ್ಕೆ ಬರೋಣ. ಇಲ್ಲಿ ಓಡುವ ಬಹಳಷ್ಟು ಕಾರುಗಳಲ್ಲಿರುವುದು ಎಚ್4 ಅನ್ನುವ ಹ್ಯಾಲೊಜನ್ ಬಲ್ಬು. ಅದರೊಳಗೆ ಎರಡು ಫಿಲಮೆಂಟು: ಹೈ ಬೀಮಿಗೆ 60 ವಾಟ್, ಲೋ ಬೀಮಿಗೆ 55. ಲೋ ಬೀಮಿನ ಫಿಲಮೆಂಟಿನಡಿ ಪುಟ್ಟದೊಂದು ತಗಡಿನ ಬಟ್ಟಲಿದೆ. ಮೇಲಕ್ಕೆ ಚಿಮ್ಮಿ ಎದುರಿನವನ ಮುಖಕ್ಕೆ ರಾಚಬಹುದಾದ ಬೆಳಕನ್ನು ತಡೆಯುವುದೇ ಅದರ ಕೆಲಸ. ಹಿಂದಿನ ರಿಫ್ಲೆಕ್ಟರನ್ನೂ ಫಿಲಮೆಂಟು ಇಂಥ ಜಾಗದಲ್ಲೇ ಇರುತ್ತದೆಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿ ಎಲ್‌ಇಡಿ ತಂದು ಕೂರಿಸಿದರೆ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಅರ್ಧ ಬೆಳಕು ರಸ್ತೆ ಬಿಟ್ಟು ಹುಣಸೆಮರ ಹತ್ತುತ್ತದೆ. ಓಡಿಸುವವನಿಗೆ ಮಾತ್ರ ಖುಷಿಯೋ ಖುಷಿ. ಬಾನೆಟ್ಟಿನ ಮುಂದೆಯೇ ಬೆಳ್ಳಗೆ ಬೆಳದಿಂಗಳು ಹರಡಿರುತ್ತದಲ್ಲ! ನೂರು ಗಜದಾಚೆ ನಿಂತ ಎಮ್ಮೆ ಕಂಡಿತೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ.

ನೆಲಮಂಗಲದ ಕಡೆ ಲಾರಿಗಳಿಗೆ ವೈರಿಂಗ್ ಮಾಡುವ ಹಳಬರೊಬ್ಬರಿದ್ದಾರೆ. ಲೈಟು ಸಾಲದು ಅಂದರೆ, "ಬಲ್ಬ್ ಬಿಡಿ ಸ್ವಾಮಿ, ಮೊದ್ಲು ವೈರ್ ತೋರ್ಸಿ" ಅನ್ನುತ್ತಾರೆ. ಅವರ ಮಾತಿನಲ್ಲಿ ಶಾಸ್ತ್ರವಿದೆ. ತೆಳು ವೈರು, ತುಕ್ಕು ಹಿಡಿದ ಅರ್ತ್ ದಾಟಿ ಬರುವಷ್ಟರಲ್ಲಿ ಕರೆಂಟು ಸೊರಗಿರುತ್ತದೆ. ಹ್ಯಾಲೊಜನ್ ಬಲ್ಬಿಗೆ ಹೋಗುವ ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ರಿಲೇ ಹಾಕಿ, ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದರೆ ಅದೇ ಹಳೇ ಬಲ್ಬು ಬೆಳ್ಳಗಾಗುತ್ತದೆ. ಮಬ್ಬು ಹಿಡಿದ ಡೂಮು ಪಾಲಿಶ್ ಮಾಡಿಸಿದರೆ ಇನ್ನೂ ಲಾಭ. ಇದನ್ನು ಬಿಟ್ಟು ಹಳೇ ವೈರಿಗೇ 100/90 ವಾಟಿನ ಬಲ್ಬು ಸಿಕ್ಕಿಸಿ ಹೋಲ್ಡರ್ ಕರಗಿಸಿಕೊಂಡವರು ಅವರ ಹತ್ತಿರ ಬೇಕಾದಷ್ಟು ಬರುತ್ತಾರೆ. ಆದರೆ ರಿಲೇ ಹಾಕಿಸಿದೆ ಅಂತ ಭಾವಮೈದುನನ ಮುಂದೆ ಜಂಬ ಕೊಚ್ಚಲಾಗುತ್ತದೆಯೇ?

ಬಿಳುಪಿನ ಮೋಹವೂ ವಿಚಿತ್ರ. ನೀಲಿ ಲೇಪದ ಹ್ಯಾಲೊಜನ್ ಬಲ್ಬು ಒಂದಷ್ಟು ಬೆಳಕನ್ನು ತಾನೇ ನುಂಗಿ ಬಿಳಿಯಾಗಿ ತೋರುತ್ತದೆ. ಮಳೆಯಲ್ಲಿ ನೆನೆದ ಟಾರು ಯಾವ ಬೆಳಕನ್ನೂ ವಾಪಸು ಕೊಡುವುದಿಲ್ಲ. ನಂದಿಯ ಮಂಜು ಕೊಟ್ಟದ್ದನ್ನೆಲ್ಲ ಮುಖಕ್ಕೇ ಎಸೆಯುತ್ತದೆ. ಫ್ರಾನ್ಸಿನವರು 1936ರಿಂದ 1993ರವರೆಗೆ ಹಳದಿ ದೀಪವೇ ಕಡ್ಡಾಯ ಅಂತ ಹಟ ಹಿಡಿದಿದ್ದರು. ಅವರನ್ನು ಯಾರೂ ಬಚ್ಚಲುಮನೆಯವರು ಅನ್ನಲಿಲ್ಲ.

ಈ ಜಿಲ್ಲೆಯಲ್ಲಿ ಬಿಳೀ ಎಲ್‌ಇಡಿಯನ್ನು ಲೆಕ್ಕಾಚಾರದಿಂದ ಬಳಸುವವರು ನನ್ನ ಪ್ರಕಾರ ಸೇವಂತಿಗೆ ಬೆಳೆಗಾರರು. ರಾತ್ರಿ ಹೊಲದ ತುಂಬ ಬಲ್ಬಿನ ಸಾಲು ಉರಿಯುವುದನ್ನು ನೋಡಿದವರು ಮದುವೆಮನೆ ಅಂದುಕೊಳ್ಳಬೇಕು. ರಾತ್ರಿ ಉದ್ದವಾದರೆ ಸೇವಂತಿಗೆ ಬೇಗ ಮೊಗ್ಗು ಕಟ್ಟುತ್ತದೆ. ಬೆಳಕು ಕೊಟ್ಟರೆ ಇನ್ನೂ ಹಗಲೇ ಎಂದು ಮೋಸಹೋಗಿ ಗಿಡ ಬೆಳೆಯುತ್ತಲೇ ಇರುತ್ತದೆ. ಸಾಕೆನಿಸಿದ ದಿನ ಸ್ವಿಚ್ ಆರಿಸುತ್ತಾರೆ. ಎಷ್ಟು ಬೆಳಕು, ಎಲ್ಲಿಗೆ, ಎಲ್ಲಿಯವರೆಗೆ ಅನ್ನುವುದು ಅವರಿಗೆ ಗೊತ್ತು.

ರಸ್ತೆಯಲ್ಲಿ ನಡೆಯುವುದೇ ಬೇರೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಬರುವವನ ಕಣ್ಣಿಗೆ ಎದುರಿನ ಗಾಡಿ ರಾಚುತ್ತದೆ. ಒಂದು ಗಳಿಗೆ ಏನೂ ಕಾಣದೆ ಒದ್ದಾಡಿ, ನನ್ನ ಲೈಟೇ ಸಾಲದು ಅಂದುಕೊಂಡು ಮರುದಿನ ಅಂಗಡಿಗೆ ಹೋಗುತ್ತಾನೆ. ಅಂದು ರಾತ್ರಿ ಇವನನ್ನು ನೋಡಿದ ಇನ್ನೊಬ್ಬ ಅದೇ ಅಂಗಡಿ ಹುಡುಕುತ್ತಾನೆ. ಈ ಬಲ್ಬಿಗೆ ಜಾಹೀರಾತೇ ಬೇಕಿಲ್ಲ. 2024ರ ಜುಲೈನಿಂದ ಇಂಥ ಕಣ್ಣು ಕೋರೈಸುವ ದೀಪಗಳ ಮೇಲೆ ಕೇಸು ಹಾಕಿ ಎಂದು ಆಗ ರಾಜ್ಯದ ಸಂಚಾರ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಆದೇಶಿಸಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್, ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ. ತಡೆದು ನಿಲ್ಲಿಸಿದರೆ ಎಲ್ಲರ ಉತ್ತರ ಒಂದೇ: "ಸಾರ್, ನಂದು ಡಿಮ್ಮಲ್ಲೇ ಇದೆ." ಪಾಪ, ಸುಳ್ಳಲ್ಲ. ಡಿಮ್ಮೇ ಹಾಗಿದೆ.

ಕಂಪನಿಯವರು ಇದಕ್ಕೂ ಒಂದು ಉಪಾಯ ಇಟ್ಟಿರುತ್ತಾರೆ. ಬಹಳ ಕಾರುಗಳಲ್ಲಿ ಸ್ಟೇರಿಂಗ್ ಪಕ್ಕ 0, 1, 2, 3 ಎಂದು ಬರೆದ ಸಣ್ಣ ಚಕ್ರವಿರುತ್ತದೆ. ಹಿಂದೆ ನೆಂಟರೂ ರಾಗಿ ಮೂಟೆಯೂ ತುಂಬಿ ಮೂತಿ ಮೇಲೆದ್ದಾಗ ತಿರುಗಿಸಿ ಲೈಟು ತಗ್ಗಿಸಲಿಕ್ಕೆ. ಪಕ್ಕದ ಮನೆಯ ಹುಡುಗನಿಗೆ ತೋರಿಸಿದೆ. ಅವನು ಹೊಸ ಎಲ್‌ಇಡಿ ಹಾಕಿಸಿಕೊಂಡು ಬಂದಿದ್ದ. ಚಕ್ರ ನೋಡಿ ಬೆರಗಾಗಿ, "ಅಂಕಲ್, ಇದು ಎಸಿದಲ್ವಾ? ಕೂಲಿಂಗ್ ಬರ್ಲಿ ಅಂತ ಯಾವಾಗ್ಲೂ ಸೊನ್ನೇಲೇ ಇಟ್ಟಿದ್ದೆ" ಅಂದ.